ಮೇಷ್ಟ್ರಿಂದ ಮೇಷ್ಟ್ರಿಗೆ, ಪ್ರೀತಿಯಿಂದ

ಕಲಾಶಾಲೆಯ ಮೇಷ್ಟ್ರೊಬ್ಬರು ಪ್ರದರ್ಶನಕ್ಕೆಂದು ಬರೆದ ಚಿತ್ರವನ್ನು ನೋಡಲು ಜನ ದೂರದೂರದಿಂದ ಬರುತ್ತಾರೆ. ಅದೇ ಮೇಷ್ಟ್ರು ಪಕ್ಕದ ಕೊಠಡಿಯ ಮೇಷ್ಟ್ರ ಹುಟ್ಟುಹಬ್ಬಕ್ಕೆ ಬರೆದುಕೊಟ್ಟ ಕಾರ್ಡು ಯಾವುದೋ ಟ್ರಂಕಿನ ತಳದಲ್ಲಿ ಬಿದ್ದಿರುತ್ತದೆ. ನನಗೆ ಆ ಟ್ರಂಕಿನಲ್ಲಿರುವುದರ ಮೇಲೇ ಪ್ರೀತಿ ಹೆಚ್ಚು. ಮಗು ಹುಟ್ಟಿದ ಸುದ್ದಿ, ಮನೆ ಬದಲಿಸಿದ ಸುದ್ದಿ, ರಜೆಗೆ ಹೋದ ಊರಿನ ಸುದ್ದಿ, ಸುಮ್ಮನೆ ಕಾಲೆಳೆಯುವುದಕ್ಕೆಂದು ಗೀಚಿದ ಮುಖ: ಇಂಥವನ್ನು ಕಲಾಚರಿತ್ರೆಯ ಪುಸ್ತಕಗಳು ಅಡಿಟಿಪ್ಪಣಿಗೆ ತಳ್ಳಿ ಮುಂದೆ ಹೋಗುತ್ತವೆ. ಹಾಗೆ ತಳ್ಳಬಾರದು ಅನ್ನುವುದೇ ಈ ವಾರದ ಮಾತು. ಅಲ್ಲಿ ಕೊಳ್ಳುವವರಿಲ್ಲ, ವಿಮರ್ಶಕರಿಲ್ಲ. ನೋಡುವವರು ಒಬ್ಬರೋ ಇಬ್ಬರೋ, ಅವರೂ ಕಸುಬು ಬಲ್ಲವರು. ಹಾಗಾಗಿ ಬರೆಯುವ ಕೈ ಹಗುರವಾಗಿರುತ್ತದೆ, ಆದರೆ ಮೈಮರೆತಿರುವುದಿಲ್ಲ. ಜೊತೆಯವರ ಕಣ್ಣಿಗೆ ಮಂಕುಬೂದಿ ಎರಚುವುದು ಸಾಧ್ಯವಿಲ್ಲವಲ್ಲ.

ಇದಕ್ಕೆ ನಾನು ಮೊದಲು ತೋರಿಸಬಯಸುವುದು ಜರ್ಮನಿಯ ಬೌಹೌಸ್ ಶಾಲೆಯ ಒಂದು ಉಡುಗೊರೆಯನ್ನು. 1919ರಲ್ಲಿ ವೈಮಾರ್ ಊರಿನಲ್ಲಿ ಆ ಶಾಲೆ ಕಟ್ಟಿದವರು ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್. 1924ರ ಮೇ 18ಕ್ಕೆ ಅವರಿಗೆ ನಲವತ್ತೊಂದು ತುಂಬಿತು. ಸಮಾರಂಭ ಮಾಡುವಂಥ ವಯಸ್ಸೇನೂ ಅಲ್ಲ. ಆದರೂ ಶಾಲೆಯ ಮೇಷ್ಟ್ರುಗಳಾದ ಲಯೊನೆಲ್ ಫೈನಿಂಗರ್, ವಾಸಿಲಿ ಕಾಂಡಿನ್ಸ್ಕಿ, ಪೌಲ್ ಕ್ಲೇ, ಲಾಸ್ಲೊ ಮೊಹೊಲಿ-ನಾಗಿ, ಗೇಯಾರ್ಗ್ ಮೂಖೆ, ಓಸ್ಕರ್ ಶ್ಲೆಮ್ಮರ್ ಈ ಆರು ಜನ ಒಬ್ಬೊಬ್ಬರು ಒಂದೊಂದು ಚಿತ್ರ ಬರೆದು, ಒಂದು ಸಂಪುಟ ಮಾಡಿ ಕೊಟ್ಟರು.

ಸೊಗಸು ಇರುವುದು ಅವರು ಹಾಕಿಕೊಂಡ ಷರತ್ತಿನಲ್ಲಿ. ಬರ್ಲಿನ್ನಿನ ಪತ್ರಿಕೆಯೊಂದರ ಸಚಿತ್ರ ಪುರವಣಿಯಲ್ಲಿ ಆ ತಿಂಗಳು ಒಂದು ಫೋಟೊ ಅಚ್ಚಾಗಿತ್ತು. ಮೇ 4ರ ಸಂಸತ್ ಚುನಾವಣೆಯ ಫಲಿತಾಂಶವನ್ನು ರೇಡಿಯೊ ಮೂಲಕ ಬಿತ್ತರಿಸುತ್ತಿದ್ದಾರೆ. ಕಿಟಕಿಯಲ್ಲಿ ಕೊಂಬಿನಂಥ ದೊಡ್ಡ ಧ್ವನಿವರ್ಧಕ, ಕೆಳಗೆ ಬೀದಿಯಲ್ಲಿ ಕಿವಿಗೊಟ್ಟು ನಿಂತ ಜನಸಂದಣಿ. ಈ ಒಂದೇ ಫೋಟೊ ಇಟ್ಟುಕೊಂಡು ಆರೂ ಜನ ತಮ್ಮ ತಮ್ಮ ರೀತಿಯಲ್ಲಿ ಬರೆಯೋಣ ಎಂದು ಸೂಚಿಸಿದವರು ಮೊಹೊಲಿ-ನಾಗಿ. ನಮ್ಮ ಅವಧಾನಗಳಲ್ಲಿ ಸಮಸ್ಯೆಯ ಸಾಲು ಕೊಟ್ಟು ಪದ್ಯ ತುಂಬಿಸಿ ಎನ್ನುವುದಿಲ್ಲವೇ, ಹಾಗೆ. ಸಾಲು ಒಂದೇ, ತುಂಬುವ ಬುದ್ಧಿ ಬೇರೆಬೇರೆ. ಕಾಂಡಿನ್ಸ್ಕಿಯವರ ಕೈಯಲ್ಲಿ ಜನವೂ ಕಿಟಕಿಯೂ ಹೋಗಿ ರೇಖೆ ಬಣ್ಣಗಳ ಸೆಳೆತ ಮಾತ್ರ ಉಳಿಯಿತು. ಕ್ಲೇ ತಮ್ಮ ಚಿತ್ರಕ್ಕೆ ಇಟ್ಟ ಹೆಸರಂತೂ ಮೇಷ್ಟ್ರ ಮನೆಯವರಿಗೆಲ್ಲ ನಗು ತರಿಸುವಂಥದ್ದು. ಅದನ್ನು ಅವರು 'ಹುಟ್ಟುಹಬ್ಬದ ಲೆಕ್ಕಕ್ಕೆ ಉತ್ತರ' ಎಂಬರ್ಥದಲ್ಲಿ, ಶಾಲಾ ಪುಸ್ತಕದ ಅಭ್ಯಾಸದ ಧಾಟಿಯಲ್ಲೇ ಹೆಸರಿಸಿದರು. ದಿನವೂ ಹುಡುಗರಿಗೆ ಅಭ್ಯಾಸ ಕೊಡುವ ಮೇಷ್ಟ್ರು, ತನಗೆ ಕೊಟ್ಟ ಅಭ್ಯಾಸವನ್ನು ಮುಗಿಸಿ ಹೆಡ್ಮಾಸ್ಟರಿಗೆ ಒಪ್ಪಿಸಿದ್ದಾರೆ!

ಈ ನಗೆಯ ಹಿಂದಿನ ಸಂಗತಿ ತಿಳಿದರೆ ಸಂಪುಟದ ಬೆಲೆ ಇನ್ನೂ ಹೆಚ್ಚುತ್ತದೆ. ಅದೇ ವರ್ಷ ಫೆಬ್ರವರಿಯಲ್ಲಿ, ವೈಮಾರ್ ಸೇರಿದ್ದ ಥುರಿಂಗಿಯಾ ಪ್ರಾಂತದ ಚುನಾವಣೆಯಲ್ಲಿ ಬಲಪಂಥೀಯರು ಗೆದ್ದಿದ್ದರು, ಅವರಿಗೆ ಬೌಹೌಸ್ ಎಂದರೆ ಆಗುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಮೇಷ್ಟ್ರುಗಳ ಕರಾರಿಗೆ ಕೊನೆ ಹೇಳಿದ ನೋಟಿಸು ಬಂತು, ಶಾಲೆಯ ಅನುದಾನ ಅರ್ಧಕ್ಕೆ ಇಳಿಯಿತು. 1925ರಲ್ಲಿ ಇಡೀ ಶಾಲೆ ವೈಮಾರ್ ಬಿಟ್ಟು ಡೆಸ್ಸಾವ್‌ಗೆ ಹೋಯಿತು. ಅಂದರೆ ಮೇ ತಿಂಗಳಲ್ಲಿ ಚುನಾವಣಾ ಫಲಿತಾಂಶ ಎಂಬುದು ಆ ಆರು ಜನರಿಗೆ ಹೊಟ್ಟೆಪಾಡಿನ ಸುದ್ದಿ. ಎದೆ ನಡುಗಿಸುವ ಸುದ್ದಿಯನ್ನೇ ಹಿಡಿದು ಗೆಳೆಯನ ಹುಟ್ಟುಹಬ್ಬಕ್ಕೆ ಆಟದ ವಸ್ತು ಮಾಡಿಕೊಂಡರು. ನಾನು ಈ ಸಂಪುಟದ ಪ್ರತಿಗಳನ್ನು ಮತ್ತೆ ಮತ್ತೆ ನೋಡುವುದು ಈ ಧೈರ್ಯಕ್ಕಾಗಿ.

ಅದರ ಹಿಂದಿನ ವರ್ಷದ ಕಾರ್ಡುಗಳ ಮಾತೂ ಹೇಳಬೇಕು. 1923ರ ಬೇಸಿಗೆಯಲ್ಲಿ ಶಾಲೆ ತನ್ನ ಮೊದಲ ದೊಡ್ಡ ಪ್ರದರ್ಶನ ಇಟ್ಟುಕೊಂಡಾಗ ಮೇಷ್ಟ್ರುಗಳೂ ಹುಡುಗರೂ ಸೇರಿ ಇಪ್ಪತ್ತು ಅಂಚೆ ಕಾರ್ಡುಗಳನ್ನು ಕಲ್ಲಚ್ಚಿನಲ್ಲಿ ತೆಗೆದರು. ಆಗ ಜರ್ಮನಿಯಲ್ಲಿ ಹಣದುಬ್ಬರ ಎಷ್ಟಿತ್ತೆಂದರೆ, ಶಾಲೆಯ ವಿದ್ಯಾರ್ಥಿ ಹೆರ್ಬರ್ಟ್ ಬೇಯರ್ ಆ ಆಗಸ್ಟಿನಲ್ಲಿ ಥುರಿಂಗಿಯಾ ಸರ್ಕಾರಕ್ಕೆ ಹತ್ತು ಲಕ್ಷ ಮಾರ್ಕಿನ ತುರ್ತು ನೋಟು ವಿನ್ಯಾಸ ಮಾಡಿಕೊಡಬೇಕಾಯಿತು. ಅಂಥ ದಿನಗಳಲ್ಲಿ ಕಾರ್ಡೇ ಜಾಹೀರಾತು, ಕಾರ್ಡೇ ಕ್ಷೇಮಸಮಾಚಾರ. ಕ್ಲೇ ಎರಡು ಕಾರ್ಡು ಬರೆದರು. ಒಂದಕ್ಕೆ 'ಉದಾತ್ತ ಮುಖ' ಎಂದು ಹೆಸರು, ಇನ್ನೊಂದಕ್ಕೆ 'ನಗುಮುಖ'. ಒಂದೇ ಶಾಲೆಗೆ ಎರಡೂ ಮುಖ ಉಂಟು, ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸಲಾರೆ ಎಂದು ಅವರು ಕಂಡದ್ದು ಸರಿಯಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಬಿಡಿಯಾಗಿ ನೋಡಿದರೆ ಅರ್ಧ ಮಜಾ ಹೋಗುತ್ತದೆ.

ಕ್ಲೇ ಮನೆಯಲ್ಲೂ ಇದೇ ಕಥೆ. ಮಗ ಫೆಲಿಕ್ಸ್‌ಗೆಂದು ಅವರು 1916ರಿಂದ 1925ರವರೆಗೆ ಸುಮಾರು ಐವತ್ತು ಕೈಗೊಂಬೆ ಮಾಡಿದರು, ಅದರಲ್ಲಿ ಮೂವತ್ತು ಈಗಲೂ ಉಳಿದಿವೆ, ಬರ್ನ್ ನಗರದಲ್ಲಿವೆ. ಬೆಂಕಿಪೊಟ್ಟಣಗಳಿಂದ ಒಂದು ಭೂತ, ವಿದ್ಯುತ್ ಸಾಕೆಟ್ಟಿನ ತಲೆಯ ಇನ್ನೊಂದು ಭೂತ. ಸಾಕೆಟ್ಟನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ, ಅದು ಮುಖವಾಗದೆ ಬಿಡುವುದಿಲ್ಲ. ಕ್ಲೇ ಕಂಡದ್ದು ಅದನ್ನೇ. ಬಟ್ಟೆಯ ಚೂರು ಸುತ್ತಿದರು, ಗೊಂಬೆ ಎದ್ದು ನಿಂತಿತು. ಫೆಲಿಕ್ಸ್ ಹದಿನಾಲ್ಕಕ್ಕೇ ಬೌಹೌಸ್ ಸೇರಿದ ಹುಡುಗ, ಶಾಲೆಗೆಲ್ಲ ಕಿರಿಯ. ಅವನು ಈ ಗೊಂಬೆಗಳನ್ನು ಹಿಡಿದು ಶಾಲೆಯ ಜಗಳ, ಗುಸುಗುಸುಗಳನ್ನೇ ಆಟವಾಗಿ ಆಡಿ ತೋರಿಸುತ್ತಿದ್ದ. ಮೇಷ್ಟ್ರುಗಳು ಮುಂದೆ ಕುಳಿತು ತಮ್ಮ ಬಗ್ಗೆಯೇ ಆಡಿದ್ದನ್ನು ನೋಡಿ ನಗುತ್ತಿದ್ದರು.

ಡೆಸ್ಸಾವ್‌ನಲ್ಲಿ 1926ರಿಂದ ಕ್ಲೇ, ಕಾಂಡಿನ್ಸ್ಕಿ ಒಂದೇ ಜೋಡಿಮನೆಯ ಎರಡು ಪಾಲಿನಲ್ಲಿ ಇದ್ದರು, ನಡುವೆ ಒಂದು ಗೋಡೆ. ಕಾಂಡಿನ್ಸ್ಕಿ ಎಂದರೆ ಸೂಟು, ಟೈ, ತೂಕದ ಮಾತು ಎಂದು ಓದಿಕೊಂಡವರು 1929ರ ಒಂದು ಫೋಟೊ ನೋಡಬೇಕು. ಫ್ರಾನ್ಸಿನ ಕಡಲತಡಿಯ ಆಂದಾಯ್‌ಗೆ ಇಬ್ಬರೂ ರಜೆಗೆ ಹೋಗಿದ್ದಾರೆ. ಅಲ್ಲಿ ನಿಂತು ವೈಮಾರ್‌ನ ನಾಟಕಶಾಲೆಯ ಮುಂದಿರುವ ಗಯಟೆ ಮತ್ತು ಶಿಲರ್ ಜೋಡಿ ಪ್ರತಿಮೆಯ ಭಂಗಿಯನ್ನು ನಟಿಸಿದ್ದಾರೆ, ಯಾರೋ ಕ್ಲಿಕ್ಕಿಸಿದ್ದಾರೆ. ವೈಮಾರ್ ಕವಿಗಳನ್ನು ಕಂಚಿನಲ್ಲಿ ಎರಕಹೊಯ್ದು ನಿಲ್ಲಿಸಿಕೊಂಡ ಊರು, ಇವರ ಶಾಲೆಯನ್ನು ಇರಗೊಡದ ಊರೂ ಅದೇ. ಆ ಊರಿನ ಪ್ರತಿಮೆಯನ್ನು ಸಮುದ್ರದ ದಡದಲ್ಲಿ ಗೆಳೆಯನ ಹೆಗಲ ಜೊತೆ ಹೆಗಲು ಕೊಟ್ಟು ಆಡುವುದರಲ್ಲಿ ಎಷ್ಟೊಂದು ಮಾತಿದೆ! ಕಹಿ ಮಾತ್ರ ಎಳ್ಳಷ್ಟೂ ಇಲ್ಲ.

ಆ ವರ್ಷದ ಡಿಸೆಂಬರ್ 18ಕ್ಕೆ ಕ್ಲೇಗೆ ಐವತ್ತು. ನೇಯ್ಗೆ ವಿಭಾಗದ ಹೆಣ್ಣುಮಕ್ಕಳು ಮಾಡಿದ ಉಪಾಯವನ್ನು ಅವರಲ್ಲೊಬ್ಬರಾದ ಆನ್ನಿ ಆಲ್ಬರ್ಸ್ ಮುಂದೆ ಬಹಳ ಸಂತೋಷದಿಂದ ನೆನೆಯುತ್ತಿದ್ದರು. ಲೋಕದ ಮೇಲೆಲ್ಲೋ ಇರುವವರಂತೆ ಕಾಣುವ ಮೇಷ್ಟ್ರಿಗೆ ಉಡುಗೊರೆ ನೆಲದಿಂದ ಕೊಡುವುದು ಹೇಗೆ? ಆಕಾಶದಿಂದಲೇ ಇಳಿಯಲಿ! ಡೆಸ್ಸಾವ್‌ನಲ್ಲೇ ಯುಂಕರ್ಸ್ ವಿಮಾನದ ಕಾರ್ಖಾನೆ ಇತ್ತು. ಅಲ್ಲಿಂದ ಒಂದು ಸಣ್ಣ ವಿಮಾನ ಗೊತ್ತುಮಾಡಿದರು. ದೇವದೂತನ ಆಕಾರದ ದೊಡ್ಡ ಪೊಟ್ಟಣ ಕಟ್ಟಿದರು. ಅದಕ್ಕೆ ಗುಂಗುರು ಕೂದಲು ಬೇಕಲ್ಲ, ಲೋಹದ ಕಾರ್ಯಾಗಾರದಲ್ಲಿ ಉದುರುವಂಥ ಹಿತ್ತಾಳೆಯ ಸುರುಳಿ ಚೂರುಗಳನ್ನು ಆನ್ನಿ ಕೂದಲು ಮಾಡಿದರು. ಪೊಟ್ಟಣದೊಳಗೆ ಫೈನಿಂಗರ್ ಕೊಟ್ಟ ಅಚ್ಚಿನ ಚಿತ್ರ, ವಿನ್ಯಾಸಕಿ ಮರಿಯಾನೆ ಬ್ರಾಂಟ್ ಮಾಡಿದ ದೀಪ, ಮರದ ಕಾರ್ಯಾಗಾರದವರ ಸಣ್ಣಪುಟ್ಟ ವಸ್ತುಗಳು. ಕೊರೆಯುವ ಚಳಿಯಲ್ಲಿ ವಿಮಾನ ಹತ್ತಿ ಕ್ಲೇ ಮನೆಯ ಮೇಲೆ ದೇವದೂತನನ್ನು ಬಿಟ್ಟರು. ಅದು ಕೊಂಚ ದಿಕ್ಕು ತಪ್ಪಿಯೇ ನೆಲ ಮುಟ್ಟಿತು. ಆದರೇನು, ಅಷ್ಟರಲ್ಲಿ ಬಯಸಿದ ಖುಷಿ ಸಿಕ್ಕಿಯಾಗಿತ್ತು. ನನಗೆ ಆ ಹಿತ್ತಾಳೆ ಕೂದಲೇ ಮನಸ್ಸಿನಲ್ಲಿ ಉಳಿದಿರುವುದು. ಗುಡಿಸಿ ಬಿಸಾಡುವ ಚೂರಿನಲ್ಲಿ ದೇವದೂತನ ಕೂದಲನ್ನು ಕಾಣುವ ಕಣ್ಣನ್ನು ಆ ಶಾಲೆ ಬೆಳೆಸಿತ್ತು, ಆ ಕಣ್ಣು ಹುಟ್ಟುಹಬ್ಬದ ತಮಾಷೆಯಲ್ಲೂ ರಜೆ ತೆಗೆದುಕೊಳ್ಳಲಿಲ್ಲ.

ಈ ಕ್ಲೇ, ಕಾಂಡಿನ್ಸ್ಕಿ, ಫೈನಿಂಗರ್‌ರ ಚಿತ್ರಗಳು ನಮ್ಮ ದೇಶಕ್ಕೂ ಬಂದಿದ್ದವು ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ಏರ್ಪಡಿಸಿದ ಪ್ರದರ್ಶನದಲ್ಲಿ ಅವು ಗಗನೇಂದ್ರನಾಥ ಠಾಕೂರ್, ಸುನಯನಿ ದೇವಿಯರ ಚಿತ್ರಗಳ ಜೊತೆ ತೂಗಿದವು. ಆ ಚಿತ್ರಗಳನ್ನು ಕೇಳಿ ವೈಮಾರ್‌ಗೆ ಪತ್ರ ಬರೆದವರು ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್. ಅವರು ಆಗ ಪಾಠ ಮಾಡುತ್ತಿದ್ದುದು ಶಾಂತಿನಿಕೇತನದಲ್ಲಿ. ಅಲ್ಲಿನ ಕಲಾಶಾಲೆಯಾದ ಕಲಾಭವನದಲ್ಲಿ, ಹೆಚ್ಚುಕಡಿಮೆ ಅದೇ ಕಾಲಕ್ಕೆ, ಸಹೋದ್ಯೋಗಿಗಳ ನಡುವೆ ಇನ್ನೊಂದು ಬಗೆಯ ಕಾರ್ಡಿನ ಓಡಾಟ ಶುರುವಾಗಿತ್ತು.

ಕಲಾಭವನದ ಮುಖ್ಯಸ್ಥರಾಗಿದ್ದ ನಂದಲಾಲ್ ಬೋಸರನ್ನು ಎಲ್ಲರೂ ಕರೆಯುತ್ತಿದ್ದುದು 'ಮಾಷ್ಟರ್‌ಮೊಶಾಯ್' ಎಂದು. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರು ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರಲ್ಲ, ಆಗ ಅವರೂ ನಂದಲಾಲರೂ ಒಂದೇ ಗುರುವಿನ ಶಿಷ್ಯರು. ಲೇಡಿ ಹೆರಿಂಗ್ಯಾಮ್ ಜೊತೆ ಅಜಂತಾಕ್ಕೆ ಹೋಗಿ ಭಿತ್ತಿಚಿತ್ರಗಳನ್ನು ನಕಲು ಮಾಡಿದ ತಂಡದಲ್ಲೂ ಇಬ್ಬರೂ ಇದ್ದರು. ನಂದಲಾಲರು ಹೋದಲ್ಲೆಲ್ಲ ಖಾಲಿ ಕಾರ್ಡು ಕೊಂಡೊಯ್ಯುತ್ತಿದ್ದರು. ರೈಲು ಪ್ರಯಾಣವಾಗಲಿ, ಬೆಟ್ಟದ ಊರಾಗಲಿ, ಕಡಲ ದಡವಾಗಲಿ, ಕಂಡದ್ದನ್ನು ಮಸಿಯಲ್ಲಿ ನಾಲ್ಕು ಗೆರೆ ಎಳೆದು, ಸಹೋದ್ಯೋಗಿಗೋ ಹಳೆಯ ವಿದ್ಯಾರ್ಥಿಗೋ ಅಂಚೆಗೆ ಹಾಕುವುದು. ಗ್ರೋಪಿಯಸ್‌ಗೆ ಆ ಸಂಪುಟ ಸಿಕ್ಕ ಮೇ ತಿಂಗಳಲ್ಲಿ ನಂದಲಾಲರು ರವೀಂದ್ರರ ಜೊತೆ ಚೀನಾದಲ್ಲಿದ್ದರು. ಪೂರ್ವದ ಕುಂಚ, ಮಸಿಯ ಅಭ್ಯಾಸ ಅವರ ಕಾರ್ಡುಗಳಲ್ಲಿ ಎದ್ದು ಕಾಣುತ್ತದೆ.

ಒಂದು ಅಂಚೆ ಕಾರ್ಡು ಎಂದರೆ ಹದಿನಾಲ್ಕು ಸೆಂಟಿಮೀಟರ್ ಉದ್ದ, ಒಂಬತ್ತು ಅಗಲ. ಅಷ್ಟರಲ್ಲಿ ಒಂದು ಮೇಕೆ ನಿಂತಿದೆ ಎನ್ನಿ. ಬೆನ್ನಿನ ಗೆರೆ ಒಂದೇ ಎಳೆತ. ಕುಂಚ ಕಾಗದ ಮುಟ್ಟಿದಲ್ಲಿ ಮಸಿ ದಪ್ಪ, ಬಾಲಕ್ಕೆ ಬರುವಷ್ಟರಲ್ಲಿ ಒಣಗಿ ಬಿರಿದ ಗೆರೆ. ಆ ಬಿರುಕೇ ಮೇಕೆಯ ರೋಮವಾಗಿದೆ. ಕಾರ್ಡಿನ ಅಗ್ಗದ ಕಾಗದ ಮಸಿಯನ್ನು ಹೀರುವ ಮುನ್ನ ಕೈ ಎತ್ತಬೇಕು, ತಿದ್ದುಪಡಿಗೆ ಜಾಗವೇ ಇಲ್ಲ. ಉಳಿದ ಖಾಲಿ ಜಾಗವನ್ನು ನೆಲ ಎಂದು ನಾವೇ ತುಂಬಿಕೊಳ್ಳುತ್ತೇವೆ. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಅವರು ಬರೆದ ಫಲಕಗಳನ್ನು ಎಲ್ಲರೂ ಕೊಂಡಾಡುತ್ತಾರೆ, ಕೊಂಡಾಡಬೇಕಾದ್ದೇ. ಆ ಫಲಕಗಳ ಕಸುವು ಎಲ್ಲಿಂದ ಬಂತೆಂದು ಕೇಳುವವರಿಗೆ ನಾನು ಈ ಕಾರ್ಡುಗಳನ್ನು ತೋರಿಸುತ್ತೇನೆ. ದಿನನಿತ್ಯ ಗೆಳೆಯರಿಗೆ ಸುದ್ದಿ ಬರೆದು ಪಳಗಿದ ಕೈ ಅದು.

ಆ ಬಳಗದ ಸಲಿಗೆ ಈಗಲೂ ಕಲಾಭವನದಲ್ಲಿ ಜೀವಂತವಾಗಿದೆ. ನಂದಲಾಲರು ಹುಟ್ಟಿದ್ದು ಡಿಸೆಂಬರ್ 3ಕ್ಕೆ. ಅದಕ್ಕೆ ಮುಂಚೆ, ಡಿಸೆಂಬರಿನ ಮೊದಲ ಎರಡು ದಿನ ನಂದನ್ ಮೇಳ ನಡೆಯುತ್ತದೆ. ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು ಕಾರ್ಡು, ಕ್ಯಾಲೆಂಡರು, ಮಣ್ಣಿನ ಸಾಮಾನು ಮಾಡಿ ಮಾರುತ್ತಾರೆ, ಬಂದ ಹಣ ಕಷ್ಟದಲ್ಲಿರುವ ವಿದ್ಯಾರ್ಥಿಗಳ ನಿಧಿಗೆ. ಕಲೆಯ ಆಸಕ್ತಿ ಇದ್ದವರು ಶಾಂತಿನಿಕೇತನದ ಹೆಸರಾಂತ ಪೌಷ ಮೇಳಕ್ಕೆ ಹೋಗುವ ಬದಲು ಇದಕ್ಕೆ ಹೋಗಿ ಎಂಬುದು ನನ್ನ ಸಲಹೆ. ದೊಡ್ಡ ಕ್ಯಾನ್ವಾಸುಗಳ ಕಡೆ ಆಮೇಲೆ ನೋಡಿದರಾಯಿತು, ಮೊದಲು ಕಾರ್ಡಿನ ಮೇಜಿನ ಮುಂದೆ ನಿಲ್ಲಿ.

ನಮ್ಮಲ್ಲಿ ಧಾರವಾಡ, ಗದಗ, ಕಲಬುರಗಿ, ದಾವಣಗೆರೆ, ಬೆಂಗಳೂರು, ಮೈಸೂರು, ಹೀಗೆ ಕಲಾಶಾಲೆ ಇರುವ ಊರುಗಳಲ್ಲೆಲ್ಲ ಡ್ರಾಯಿಂಗ್ ಮೇಷ್ಟ್ರುಗಳ ಮನೆಗಳಿವೆ. ಆ ಮನೆಗಳಲ್ಲಿ ಯುಗಾದಿಗೆ, ದೀಪಾವಳಿಗೆ, ನಿವೃತ್ತಿಗೆ ಜೊತೆಯವರು ಬರೆದುಕೊಟ್ಟ ಕಾಗದಗಳು ಇದ್ದೇ ಇರುತ್ತವೆ. ಮೂಗು ಉದ್ದ ಮಾಡಿ ಬರೆದ ಪ್ರಿನ್ಸಿಪಾಲರು, ಸ್ಕೂಟರಿನ ಮೇಲೆ ಕ್ಯಾನ್ವಾಸು ಹೊತ್ತ ಶಿಲ್ಪಕಲೆ ಮೇಷ್ಟ್ರು, ಹೊಸ ಮಗುವಿಗೆ ಸ್ವಾಗತ. ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಬಣ್ಣ ಕೆಡುತ್ತದೆ, ಅಂಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸುವುದು ಆಗದ ಮಾತು. ಸೆಲ್ಲೊಟೇಪು, ಸ್ಟೇಪ್ಲರ್ ಪಿನ್ನು ಎರಡೂ ಬೇಡ, ಒಂದು ಹಳದಿ ಕಲೆ ಬಿಡುತ್ತದೆ, ಇನ್ನೊಂದು ತುಕ್ಕು. ಆಮ್ಲವಿಲ್ಲದ ಕಾಗದದ ಲಕೋಟೆಯೊಳಗೆ ಹಾಕಿ, ಬಿಸಿಲು, ತೇವ ಬೀಳದ ಬೀರುವಿನಲ್ಲಿಡಿ. ಕಟ್ಟು ಹಾಕಿಸಲೇಬೇಕೆಂದರೆ ಎರಡೂ ಬದಿಗೆ ಗಾಜು ಹಾಕಿಸಿ, ಬಿಸಿಲು ಬೀಳದ ಗೋಡೆಗೆ ತೂಗುಹಾಕಿ. ಚಿತ್ರವನ್ನಷ್ಟೇ ತೋರಿಸಿ ಹಿಂಬದಿಗೆ ರಟ್ಟು ಬಡಿದರೆ ಅಂಚೆಯ ಮುದ್ರೆ ಹೋಯಿತು, ವಿಳಾಸ ಹೋಯಿತು, 'ಇಲ್ಲಿ ಮಳೆ ಜೋರು, ನಿಮ್ಮ ಹಲ್ಲುನೋವು ಹೇಗಿದೆ' ಎಂಬ ಸಾಲೂ ಹೋಯಿತು. ಮುಂಬದಿಯ ಮೇಕೆ ನಿಂತಿರುವುದು ಆ ಸಾಲಿನ ಬಲದ ಮೇಲೆ.