ಯೋಸೆಫ್ ವಿರ್ಶಿಂಗ್ ಅವರ ಛಾಯಾಗ್ರಹಣ: ಒಂದು ಮರುಪರಿಶೀಲನೆ

ಮ್ಯೂನಿಕ್‌ನಲ್ಲಿ 1903ರಲ್ಲಿ ಹುಟ್ಟಿದ ಯೋಸೆಫ್ ವಿರ್ಶಿಂಗ್ ಅವರನ್ನು ಜರ್ಮನ್ ಅಭಿವ್ಯಕ್ತಿವಾದವನ್ನು ಭಾರತಕ್ಕೆ ತಂದ ಛಾಯಾಗ್ರಾಹಕರೆಂದು ಕರೆಯುವುದು ರೂಢಿಯಾಗಿದೆ. ಪಾತ್ರದ ಒಳಗಿನ ತಳಮಳವನ್ನು ಕಡುನೆರಳು, ಓರೆಕೋನ ಮತ್ತು ವಿಕಾರಗೊಳಿಸಿದ ಸೆಟ್‌ಗಳ ಮೂಲಕ ಕಾಣಿಸುವ ಈ ಪಂಥದ ಗುರುತುಗಳನ್ನು ಅವರ ಆರಂಭದ ಕೆಲಸದಲ್ಲಿ ಹುಡುಕಿದರೆ ಸಿಗುವುದು ಅತ್ಯಲ್ಪ. ಫ್ರಾಂಜ್ ಆಸ್ಟೆನ್ ನಿರ್ದೇಶನದ 1925ರ ಮೂಕಿಚಿತ್ರ ‘ಪ್ರೇಮ್ ಸನ್ಯಾಸ್’ಗೆ ವಿಲ್ಲಿ ಕೀರ್ಮೈಯರ್ ಅವರೊಂದಿಗೆ ಕ್ಯಾಮೆರಾ ಹಿಡಿದ ಅವರು, ಅರಮನೆ, ಆನೆ, ಜನಜಂಗುಳಿಗಳನ್ನು ಭಾರತದ ಬಿಸಿಲಿನಲ್ಲೇ ಚಿತ್ರಿಸಿದರು.

ಹಿಮಾಂಶು ರಾಯ್ ಮತ್ತು ದೇವಿಕಾರಾಣಿ 1934ರಲ್ಲಿ ಸ್ಥಾಪಿಸಿದ ಬಾಂಬೆ ಟಾಕೀಸ್‌ಗೆ ಬಂದ ಮೇಲಿನ ಅವರ ಸಾಧನೆ ಹೆಚ್ಚಾಗಿ ಮುಖಗಳನ್ನು ಬೆಳಗಿಸಿದ್ದರಲ್ಲಿದೆ. 1936ರ ‘ಅಛೂತ್ ಕನ್ಯಾ’ದಲ್ಲಿ ದೇವಿಕಾರಾಣಿ ರೈಲ್ವೆ ಗೇಟ್ ಕಾಯುವವನ ಮಗಳು, ಅಸ್ಪೃಶ್ಯ ಜಾತಿಯ ಕಸ್ತೂರಿ, ಆದರೆ ಮೃದುವಾಗಿ ಹರಡಿದ ಮುಂಬೆಳಕೂ, ಬೆನ್ನ ಹಿಂದಿನಿಂದ ಬಿದ್ದು ಕೂದಲಂಚನ್ನು ಹೊಳೆಯಿಸುವ ಹಿಂಬೆಳಕೂ ಸೇರಿ ಆ ಹುಡುಗಿಯನ್ನು ಯುರೋಪಿನ ತಾರೆಯಂತೆ ನಿಲ್ಲಿಸುತ್ತವೆ. ಚೆಲುವು ನಿರ್ವಿವಾದ, ಆದರೆ ಜಾತಿಯ ಕ್ರೌರ್ಯವನ್ನು ಹೇಳಹೊರಟ ಕಥೆಯ ಮೊನೆಯನ್ನು ಅದೇ ಚೆಲುವು ಮೊಂಡು ಮಾಡುತ್ತದೆ. ಹೊಣೆ ಛಾಯಾಗ್ರಾಹಕರೊಬ್ಬರದೇ ಅಲ್ಲ, ಸ್ಟುಡಿಯೋಗೆ ಬೇಕಾಗಿದ್ದುದೂ ಅದೇ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಪ್ರಜೆಯೆಂಬ ಕಾರಣಕ್ಕೆ ಬ್ರಿಟಿಷರ ಬಂಧನ ಶಿಬಿರ ಸೇರಿದ ವಿರ್ಶಿಂಗ್ ಅವರ ಜಾಗವನ್ನು ಆರ್.ಡಿ. ಪರೀಂಜಾ ಮುಂತಾದವರು ತುಂಬಿದರು. 1943ರ ‘ಕಿಸ್ಮತ್’ ಪರೀಂಜಾ ಅವರದೇ ಛಾಯಾಗ್ರಹಣ. ಒಬ್ಬ ವಿದೇಶಿ ತಂತ್ರಜ್ಞರ ಗೈರುಹಾಜರಿಯಲ್ಲೂ ಸ್ಟುಡಿಯೋದ ಚಿತ್ರಗಳು ಕುಂದದೆ ಹೊರಬಂದುದು ಅಲ್ಲಿನ ಕಸುಬು ಸ್ಥಳೀಯರ ಕೈಗೆ ದಾಟಿತ್ತೆಂಬುದಕ್ಕೆ ಸಾಕ್ಷಿ.

ಅಭಿವ್ಯಕ್ತಿವಾದದ ಮಾತು ನಿಜವಾಗಿ ಹೊಂದುವುದು ಬಿಡುಗಡೆಯ ನಂತರದ ‘ಮಹಲ್’ಗೆ. ಕಮಾಲ್ ಅಮ್ರೋಹಿ ನಿರ್ದೇಶನದ ಈ 1949ರ ಚಿತ್ರದಲ್ಲಿ ಪಾಳುಬಂಗಲೆಯ ಮೆಟ್ಟಿಲು, ಉಯ್ಯಾಲೆ, ಗೋಡೆಯ ಮೇಲಿನ ನೆರಳುಗಳು ಅಲಂಕಾರವಾಗಿ ಉಳಿಯದೆ, ನಾಯಕನ ಭ್ರಮೆಯನ್ನು ಪ್ರೇಕ್ಷಕನೂ ಒಂದು ಕ್ಷಣ ನಂಬುವಂತೆ ಮಾಡುತ್ತವೆ. ಕಥೆ ಸಡಿಲಗೊಂಡ ಕಡೆಗಳಲ್ಲೂ ಬೆಳಕು ಸಡಿಲಗೊಳ್ಳುವುದಿಲ್ಲ. ಬೆಳಕನ್ನೇ ಕಥನವಾಗಿಸುವ ಈ ಬಗೆ, ಹತ್ತು ವರ್ಷಗಳ ನಂತರ ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರ ‘ಕಾಗಜ್ ಕೆ ಫೂಲ್’ನಲ್ಲಿ ಇನ್ನೊಂದು ಎತ್ತರ ಮುಟ್ಟಿತು.

ವಿರ್ಶಿಂಗ್ 1967ರಲ್ಲಿ ತೀರಿಕೊಂಡರು. ಅವರು ಅರ್ಧಕ್ಕೆ ಬಿಟ್ಟ ‘ಪಾಕೀಜಾ’ವನ್ನು ಹಲವು ಛಾಯಾಗ್ರಾಹಕರು ಮುಗಿಸಿ, ಅದು 1972ರಲ್ಲಿ ತೆರೆಕಂಡಿತು. ಆದ್ದರಿಂದ ಅವರ ಪ್ರತಿಭೆಯನ್ನು ಅಳೆಯಲು ಹೆಚ್ಚು ಪ್ರಸಿದ್ಧವಾದ ಆ ವರ್ಣಚಿತ್ರಕ್ಕಿಂತ ‘ಮಹಲ್’ ನಂಬಲರ್ಹ ಆಧಾರ.