ಕಯ್ಯಾರರ ‘ದುಡಿತ’ ಮತ್ತು ತರಗತಿಯಾಚೆಯ ಕನ್ನಡ

ಕಯ್ಯಾರ ಕಿಞ್ಞಣ್ಣ ರೈಯವರನ್ನು (1915–2015) ಕಾಸರಗೋಡು ಹೋರಾಟದ ಕವಿಯೆಂದಷ್ಟೇ ಓದುವ ವಿಮರ್ಶೆಗೆ ಅವರ ಆತ್ಮಕಥನದ ಶೀರ್ಷಿಕೆ ದಕ್ಕಿಲ್ಲ: ‘ದುಡಿತವೇ ನನ್ನ ದೇವರು’. ವಚನಕಾರರ ‘ಕಾಯಕ’ ಕೈಗೆಟುಕುವಂತಿದ್ದರೂ ಅವರು ಆಯ್ದದ್ದು ಮೈಬೆವರಿನ ‘ದುಡಿತ’ವನ್ನು. ಪೆರಡಾಲದ ಈ ಅಧ್ಯಾಪಕರು ಕೃಷಿಕರೂ ಆಗಿದ್ದರೆಂಬುದು ಬರಿಯ ಜೀವನವಿವರವಲ್ಲ. ಆ ಸೀಮೆಯ ಬಹಳ ಮಕ್ಕಳಿಗೆ ತೋಟದ ಮಾತು ತುಳುವಿನದು ಅಥವಾ ಮಲಯಾಳದ್ದು; ಕನ್ನಡ ಪುಸ್ತಕದ್ದು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗದ ಬಾಯಲ್ಲಿ ನಿಂತು ಒರತೆ, ಇಳಿಜಾರುಗಳನ್ನು ಕಂಡ ಮಗುವಿನ ಕನ್ನಡಕ್ಕೆ ವಸ್ತು ಸಿಗುತ್ತದೆ. ಪಠ್ಯದಿಂದ ಸಿಗುವುದು ವ್ಯಾಖ್ಯೆ. ಭಾಷಾ ಅಲ್ಪಸಂಖ್ಯಾತರು ಪಠ್ಯವನ್ನೂ ಹುದ್ದೆಗಳನ್ನೂ ಕೇಳುತ್ತಾರೆ, ಅದು ನ್ಯಾಯವೇ. ಆದರೆ ಕನ್ನಡದ ತರಗತಿ ತೋಟಕ್ಕಿಳಿಯಲೆಂದು ಕೇಳುವವರು ವಿರಳ.