ನಿತ್ಯನರಕವೂ ದೇವರ ದಯೆಯೂ : ಒಂದು ಗ್ರಂಥವಿಮರ್ಶೆ

ಮಠಕ್ಕೆ ಬರುವ ಭಕ್ತರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಶಾಸ್ತ್ರದಲ್ಲಿ ಉತ್ತರವುಂಟು. ಕೆಲವಕ್ಕೆ ಮಾತ್ರ ಶಾಸ್ತ್ರ ಬಲ್ಲವನೂ ತಡೆದು ನಿಲ್ಲಬೇಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ನಮ್ಮಲ್ಲಿಗೆ ಬಂದಿದ್ದಳು. ಮಗ ದುಶ್ಚಟಕ್ಕೆ ಬಿದ್ದು, ಹೆಂಡತಿ ಮಕ್ಕಳನ್ನು ನೋಯಿಸಿ, ಯಾರೊಡನೆಯೂ ರಾಜಿಯಾಗದೆ ಸತ್ತವನು. "ಅಲ್ಲಿ ಅವನ ಗತಿ ಏನು, ಬುದ್ಧಿ? ಅವನನ್ನು ಬಿಟ್ಟು ನನಗೊಬ್ಬಳಿಗೇ ಮುಕ್ತಿ ಸಿಕ್ಕರೆ ಅದನ್ನು ಏನು ಮಾಡಿಕೊಳ್ಳಲಿ?" ಎಂದು ಆಕೆ ಕೇಳಿದಳು. ನಾವು ಆಗ ಹೇಳಿದ ಸಮಾಧಾನ ನಮಗೇ ಸಾಲದೆನಿಸಿತು. ಅನಂತರ ಓದಿದ ಒಂದು ಕ್ರೈಸ್ತ ಗ್ರಂಥದಲ್ಲಿ ಇದೇ ಪ್ರಶ್ನೆ ವಾದದ ಹೃದಯದಲ್ಲಿಯೇ ನಿಂತಿರುವುದನ್ನು ಕಂಡೆವು. ಅಮೆರಿಕದ ವಿದ್ವಾಂಸ ಡೇವಿಡ್ ಬೆಂಟ್ಲಿ ಹಾರ್ಟ್ ಅವರು 2019ರಲ್ಲಿ ಪ್ರಕಟಿಸಿದ 'ದಟ್ ಆಲ್ ಶಲ್ ಬಿ ಸೇವ್ಡ್' ಎಂಬುದೇ ಆ ಗ್ರಂಥ. 'ಎಲ್ಲರೂ ರಕ್ಷಣೆ ಹೊಂದುವರೆಂಬುದು' ಎಂದು ಅದರ ಹೆಸರಿನ ತಾತ್ಪರ್ಯ.

ಪರಮತದ ಒಳಜಗಳ ನಮಗೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಅವರದಷ್ಟೇ ಅಲ್ಲ. ನಮ್ಮ ನಾಡಿನಲ್ಲಿಯೇ ಹುಟ್ಟಿದ ಮಧ್ವಾಚಾರ್ಯರ ದರ್ಶನದಲ್ಲಿ ತಮೋಯೋಗ್ಯರಾದ ಜೀವರಿಗೆ ಅಂಧತಮಸ್ಸು ನಿತ್ಯವೆಂದಿದೆ. ಪುರಾಣಗಳ ನರಕಗಳಿಗೆ ಸಾಮಾನ್ಯವಾಗಿ ಕರ್ಮಕ್ಷಯದೊಡನೆ ಕೊನೆಯುಂಟಾದರೂ, ಅವುಗಳ ವರ್ಣನೆಯಿಂದ ಮಕ್ಕಳನ್ನು ಹೆದರಿಸದ ಮನೆಗಳು ವಿರಳ. ಆದುದರಿಂದ ಈ ವಿಮರ್ಶೆಯನ್ನು ಪರರ ದೋಷಾನ್ವೇಷಣೆಯೆಂದು ಓದದೆ ಆತ್ಮಪರೀಕ್ಷೆಯೆಂದು ಓದಬೇಕಾಗಿ ಬಿನ್ನಹ.

ಗ್ರಂಥವನ್ನು ತೂಗುವ ಮೊದಲು ವಾದದ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಯಬೇಕು. ಹೊಸ ಒಡಂಬಡಿಕೆಯಲ್ಲಿ ಎರಡು ಬಗೆಯ ವಾಕ್ಯಗಳಿವೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ಕೊನೆಯಲ್ಲಿ ದುಷ್ಟರಿಗೆ ನಿತ್ಯದಂಡನೆ, ನೀತಿವಂತರಿಗೆ ನಿತ್ಯಜೀವ ಎಂಬ ಮಾತು ಬರುತ್ತದೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿಯಾದರೋ ಸರ್ವರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆ ಎಂದಿದೆ. ಇವೆರಡಕ್ಕೆ ಸಮನ್ವಯ ಹೇಗೆ? ಮೂರನೆಯ ಶತಮಾನದ ಓರಿಜೆನ್, ನಾಲ್ಕನೆಯ ಶತಮಾನದ ನಿಸ್ಸದ ಗ್ರೆಗರಿ ಇವರು, ದೇವರ ಅಗ್ನಿ ಶೋಧಕವಾದುದು, ಕಡೆಗೆ ಸಕಲ ಜೀವರೂ ಶುದ್ಧರಾಗಿ ಮರಳುವರು ಎಂದು ಆಶಿಸಿದರು. ಐದನೆಯ ಶತಮಾನದಲ್ಲಿ ಅಗಸ್ಟೀನರು ತಮ್ಮ 'ದೇವನಗರ'ದಲ್ಲಿ ಇದನ್ನು ಖಂಡಿಸಿದರು. ಜೀವಕ್ಕೂ ದಂಡನೆಗೂ ಒಂದೇ ವಾಕ್ಯದಲ್ಲಿ ಒಂದೇ ವಿಶೇಷಣವಿರುವಾಗ, ಒಂದನ್ನು ಅನಂತವೆಂದೂ ಇನ್ನೊಂದನ್ನು ಸಾಂತವೆಂದೂ ಹೇಳಲಾಗದು ಎಂಬುದು ಅವರ ಯುಕ್ತಿ. ಆರನೆಯ ಶತಮಾನದಲ್ಲಿ ಓರಿಜೆನ್‌ನ ಹೆಸರಿಗೆ ಬಹಿಷ್ಕಾರದ ಕಳಂಕ ತಗುಲಿತು. ಆದರೆ ಹೆಚ್ಚುಕಡಿಮೆ ಅದೇ ಆಶೆಯನ್ನಿಟ್ಟುಕೊಂಡಿದ್ದ ಗ್ರೆಗರಿ ಇಂದಿಗೂ ಸಂತನಾಗಿಯೇ ಉಳಿದಿದ್ದಾನೆ.

ಪಶ್ಚಿಮದಲ್ಲಿ ಅಗಸ್ಟೀನರ ಪಕ್ಷವೇ ಗೆದ್ದಿತು. 1741ರ ಜುಲೈ 8ರಂದು ಅಮೆರಿಕದ ಎನ್‌ಫೀಲ್ಡ್ ಗ್ರಾಮದಲ್ಲಿ ಜೊನಾಥನ್ ಎಡ್ವರ್ಡ್ಸ್ ದೇವರ ಕೋಪವನ್ನು ಕುರಿತು ಬೋಧಿಸಿದಾಗ, ಜನರ ಆಕ್ರಂದನದಿಂದ ಬೋಧನೆಯನ್ನೇ ತಡೆಯಬೇಕಾಯಿತಂತೆ. ನೂರು ವರ್ಷಗಳ ಮೇಲೆ ಇಂಗ್ಲೆಂಡಿನಲ್ಲಿ ಗಾಳಿ ಬದಲಾಗತೊಡಗಿತು. 'ನಿತ್ಯ' ಎಂಬ ಪದ ಕಾಲದ ಅಳತೆಯನ್ನು ಹೇಳುವುದಿಲ್ಲ, ದೇವರೊಡನಿರುವ ಸಂಬಂಧದ ಗುಣವನ್ನು ಹೇಳುತ್ತದೆ ಎಂದು ಬರೆದುದಕ್ಕಾಗಿ ಎಫ್. ಡಿ. ಮಾರಿಸ್ ಅವರು 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡರು. ಹನ್ನೊಂದು ವರ್ಷ ಕಳೆದು, 1864ರಲ್ಲಿ, ದುಷ್ಟರಿಗೂ ಕಡೆಗೆ ಕ್ಷಮೆ ದೊರೆತೀತೆಂದು ಆಶಿಸುವ ಪಾದ್ರಿ ಅಪರಾಧಿಯಲ್ಲವೆಂದು ಪ್ರಿವಿ ಕೌನ್ಸಿಲಿನ ನ್ಯಾಯಸಮಿತಿ ತೀರ್ಪಿತ್ತಿತು. ಒಂದು ವಿಶೇಷಣದ ಅರ್ಥಕ್ಕಾಗಿ ಒಬ್ಬನ ಜೀವನವೃತ್ತಿಯೇ ಹೋಯಿತೆಂಬುದನ್ನು ವ್ಯಾಕರಣ ಓದುವ ನಮ್ಮ ವಿದ್ಯಾರ್ಥಿಗಳು ಗಮನಿಸಲಿ.

ಇಂದು ಆ ಸಮಾಜದಲ್ಲಿ ಮುಖ್ಯವಾಗಿ ಮೂರು ಪಕ್ಷಗಳಿವೆ. ದಂಡನೆಗೆ ಅಂತ್ಯವಿಲ್ಲವೆಂಬುದು ಮೊದಲನೆಯದು. ದುಷ್ಟರು ನಿರಂತರವಾಗಿ ನರಳುವುದಿಲ್ಲ, ಇಲ್ಲವಾಗಿಯೇ ಹೋಗುತ್ತಾರೆಂಬುದು ಎರಡನೆಯದು. ಇಂಗ್ಲೆಂಡಿನ ಪ್ರಸಿದ್ಧ ಬೋಧಕ ಜಾನ್ ಸ್ಟಾಟ್ 1988ರಲ್ಲಿ ಅಳುಕುತ್ತಲೇ ಇದರ ಕಡೆ ಒಲಿದರು. ಸರ್ವರೂ ಉದ್ಧಾರವಾಗುವರೆಂಬುದು ಮೂರನೆಯದು. ಹಾರ್ಟ್ ಅವರು ಈ ಮೂರನೆಯ ಪಕ್ಷವನ್ನು ಆಶೆಯೆಂದು ಹೇಳಿ ಸುಮ್ಮನಾಗದೆ ಸಿದ್ಧಾಂತವೆಂದೇ ಸ್ಥಾಪಿಸಲು ಹೊರಟಿದ್ದಾರೆ.

ಅವರ ಮುಖ್ಯ ಯುಕ್ತಿಗಳು ಮೂರು. ಮೊದಲನೆಯದು ಸೃಷ್ಟಿಯದು. ದೇವರು ಯಾವ ಬಲವಂತವೂ ಇಲ್ಲದೆ ಶೂನ್ಯದಿಂದ ಜಗತ್ತನ್ನು ಸೃಷ್ಟಿಸಿದನೆಂದರೆ, ಜಗತ್ತಿನ ಕೊನೆಯ ಸ್ಥಿತಿಯೇ ಅವನ ಸ್ವಭಾವಕ್ಕೆ ಸಾಕ್ಷಿ. ಒಂದು ಜೀವವಾದರೂ ಎಂದೆಂದಿಗೂ ನರಳುವುದಾದರೆ, ಆ ನರಳಾಟವನ್ನು ಬೆಲೆಯಾಗಿ ತೆತ್ತೇ ಅವನು ಜಗತ್ತನ್ನು ಕೊಂಡಂತಾಗುತ್ತದೆ. ಎರಡನೆಯದು ಸ್ವಾತಂತ್ರ್ಯದ್ದು. ನರಕದ ಬಾಗಿಲಿಗೆ ಒಳಗಿನಿಂದಲೇ ಅಗಳಿ ಹಾಕಿದೆ ಎಂಬರ್ಥದ ಮಾತನ್ನು ಸಿ. ಎಸ್. ಲೂಯಿಸ್ 1940ರಲ್ಲಿ ಆಡಿದ್ದರು. ಸತ್ಯವನ್ನು ಪೂರ್ಣವಾಗಿ ಕಂಡ ಮೇಲೂ ಅದನ್ನು ತ್ಯಜಿಸುವುದು ಸ್ವಾತಂತ್ರ್ಯವಲ್ಲ, ಭ್ರಾಂತಿ ಎಂಬುದು ಹಾರ್ಟ್ ಅವರ ನಿಲುವು; ಭ್ರಾಂತನಿಗೆ ಬೇಕಾದುದು ಚಿಕಿತ್ಸೆ. ಮೂರನೆಯದು ವ್ಯಕ್ತಿಯನ್ನು ಕುರಿತದ್ದು. ಮನುಷ್ಯನು ತನ್ನ ಸಂಬಂಧಗಳಿಂದಲೇ ತಾನಾಗಿರುತ್ತಾನೆ. ಮಗನನ್ನು ಕಿತ್ತುಕೊಂಡು ತಾಯಿಯನ್ನು ಸ್ವರ್ಗದಲ್ಲಿಟ್ಟರೆ ಅಲ್ಲಿರುವವಳು ಆ ತಾಯಿಯಲ್ಲ. ಆಕೆಯ ನೆನಪನ್ನು ಅಳಿಸಿದರೂ ಅಷ್ಟೆ, ದುಃಖವಾಗದಂತೆ ಎದೆಯನ್ನು ಕಲ್ಲಾಗಿಸಿದರೂ ಅಷ್ಟೆ.

ಈ ಮೂರನೆಯ ಯುಕ್ತಿಯೇ ಗ್ರಂಥದ ಪ್ರಾಣವೆಂದು ನಮ್ಮ ಅಭಿಪ್ರಾಯ. ಪುರಾತನ ಲೇಖಕ ಟೆರ್ಟುಲಿಯನ್ ಪಾಪಿಗಳ ದಂಡನೆಯನ್ನು ಕಂಡು ಹಿಗ್ಗುವ ದಿನವನ್ನು ಹಂಬಲಿಸಿ ಬರೆದಿದ್ದನು. ಆ ಹಿಗ್ಗಿನ ಪಕ್ಕದಲ್ಲಿ ತಾಯಿಯ ಈ ದುಃಖವನ್ನಿಟ್ಟು, ದೇವರಿಗೆ ಹತ್ತಿರವಾದುದು ಯಾವುದೆಂದು ವಾಚಕರೇ ನಿರ್ಣಯಿಸಲಿ. ಭಯದಿಂದ ಹುಟ್ಟಿದ ಭಕ್ತಿ ಭಯ ಕಳೆದೊಡನೆ ಕಳೆಯುತ್ತದೆ. ಹಾರ್ಟ್ ಅವರು ಅದರ ಬುಡಕ್ಕೇ ಕೈ ಹಾಕಿದ್ದಾರೆ; ಅದಕ್ಕಾಗಿ ಅವರು ಅಭಿನಂದನಾರ್ಹರು.

ಆದರೆ ಗ್ರಂಥದಲ್ಲಿ ಎರಡು ನ್ಯೂನತೆಗಳಿವೆ. ಮೊದಲನೆಯದು, ನೊಂದವರ ಪಕ್ಷದ ವಕಾಲತ್ತು ಇಲ್ಲಿ ದುರ್ಬಲವಾಗಿದೆ. ಹಾರ್ಟ್ ಅವರು ನರಕವೇ ಇಲ್ಲವೆನ್ನುವುದಿಲ್ಲ, ಅದಕ್ಕೆ ಕೊನೆಯುಂಟು ಎನ್ನುತ್ತಾರೆ. ಸರಿ. ಆದರೆ ದೇವರ ಕೋಪವೆಂಬ ಮಾತನ್ನು ಬಡವರೂ ತುಳಿಯಲ್ಪಟ್ಟವರೂ ಏಕೆ ಬಿಗಿಯಾಗಿ ಹಿಡಿದುಕೊಂಡರು? ರಾಜನ ಆಸ್ಥಾನದಲ್ಲಿ ದೊರೆಯದ ನ್ಯಾಯ ಎಲ್ಲಿಯಾದರೂ ದೊರೆಯಬೇಕೆಂದು. ಮತ್ತಾಯನ ಅದೇ ಅಧ್ಯಾಯದಲ್ಲಿ ದಂಡನೆಗೆ ಗುರಿಯಾದವರ ಅಪರಾಧ ಮತಭೇದವಲ್ಲ; ಹಸಿದವನಿಗೆ ಅನ್ನ ಕೊಡದಿದ್ದುದು, ಸೆರೆಯಲ್ಲಿದ್ದವನನ್ನು ನೋಡಲು ಹೋಗದಿದ್ದುದು. ಆ ತಾಯಿಯ ಮನೆಯಲ್ಲಿಯೇ ಹೊಡೆತ ತಿಂದ ಸೊಸೆಯೂ ಇದ್ದಳು. ಮಗನ ಉದ್ಧಾರದ ಮಾತು ಸೊಸೆಯ ಕಣ್ಣೀರನ್ನು ದಾಟಿ ಹೋಗುವಂತಿಲ್ಲ, ಅದರ ಮೂಲಕವೇ ಹೋಗಬೇಕು. ಈ ದಾರಿಯನ್ನು ಗ್ರಂಥಕರ್ತರು ಸಾಕಷ್ಟು ತೋರಿಸಲಿಲ್ಲ.

ಎರಡನೆಯ ನ್ಯೂನತೆ ವಾದದ ಮರ್ಯಾದೆಗೆ ಸಂಬಂಧಿಸಿದ್ದು. ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಮಂಡಿಸದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲವೆಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹೇಳುತ್ತಿದ್ದರು. 2018ರಲ್ಲಿ ಮೈಕೆಲ್ ಮೆಕ್ಲಿಮಂಡ್ ಎಂಬ ವಿದ್ವಾಂಸರು ಸರ್ವೋದ್ಧಾರವಾದವನ್ನು ಖಂಡಿಸಿ ಎರಡು ದೊಡ್ಡ ಸಂಪುಟಗಳನ್ನೇ ಬರೆದಿದ್ದರು. ವಾದಕ್ಕೆ ಯೋಗ್ಯನಾದ ಎದುರಾಳಿ ಇಲ್ಲದಿರಲಿಲ್ಲ. ಹಾರ್ಟ್ ಅವರಾದರೋ ನಿತ್ಯದಂಡನೆಯನ್ನು ನಂಬುವವರ ಬುದ್ಧಿಯನ್ನೂ ಅಂತಃಕರಣವನ್ನೂ ಪುಟಪುಟಕ್ಕೆ ಹೀಗಳೆಯುತ್ತಾರೆ. ಹಾಗೆ ನಂಬಿದವರಲ್ಲಿ ನಡುಗುತ್ತ, ಅಳುತ್ತ ನಂಬಿದವರೂ ಇದ್ದಾರಲ್ಲವೆ? ಕಡುಪಾಪಿಯೂ ಕಡೆಗೆ ದೇವರ ಮನೆಯನ್ನು ಸೇರುವನೆಂದು ಸಾರುವ ಲೇಖನಿ, ಭಿನ್ನಮತದ ಪಂಡಿತನಿಗೆ ತನ್ನ ಪುಟದಲ್ಲಿ ಕುಳಿತುಕೊಳ್ಳಲು ಮಣೆ ಹಾಕಲಾರದೆ ಹೋಯಿತು. ದಯೆಯನ್ನು ಕುರಿತ ಗ್ರಂಥಕ್ಕೆ ದಯೆಯೇ ಮೊದಲ ಪ್ರಮಾಣವಾಗಬೇಕಿತ್ತು.

ಆದರೂ ಓದಬೇಕಾದ ಗ್ರಂಥವಿದು. ಕೋಪವಾದಿಗಳು ಅನ್ಯಾಯ ಕ್ಷುಲ್ಲಕವಲ್ಲವೆಂಬ ಸತ್ಯವನ್ನು ಕಾದರು. ಉದ್ಧಾರವಾದಿಗಳು ದೇವರ ಕೊನೆಯ ಮಾತು ದ್ವೇಷವಾಗಲಾರದೆಂಬ ಸತ್ಯವನ್ನು ಕಾದರು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದವನ ಕೈಯಲ್ಲಿ ಉಳಿಯುವುದು ಅರ್ಧ ಧರ್ಮ.

ಆ ತಾಯಿ ಮತ್ತೊಮ್ಮೆ ಬಂದರೆ ಏನು ಹೇಳುತ್ತೇವೆಂದು ಯೋಚಿಸಿದ್ದೇವೆ. ಮಗನ ಗತಿಯನ್ನು ಬಲ್ಲೆವೆಂದು ಹೇಳುವುದಿಲ್ಲ. "ತಾಯಿ, ನಿನ್ನಷ್ಟಾದರೂ ಕರುಣೆಯಿಲ್ಲದವನು ದೇವರಾಗಿರಲಾರ, ಇದನ್ನು ನಂಬು. ಮೊದಲು ಮನೆಗೆ ಹೋಗಿ ಸೊಸೆಯ ಕೈ ಹಿಡಿ, ಅವನು ತೀರಿಸದೆ ಹೋದ ಋಣ ಅಲ್ಲಿದೆ" ಎಂದು ಹೇಳುತ್ತೇವೆ.